ಮೀನಿನ ಹಾರ್ನ್

ಎಪ್ಪತ್ತೊಂದರ ಯುದ್ಧದ ಸಮಯದಲ್ಲಿ ಕಾಪುವಿನ ನಮ್ಮ ಹೈಸ್ಕೂಲಿಗೆ ಸೈರನ್ ಇರಲಿಲ್ಲ. ಹೆಡ್‌ಮಾಸ್ತರರು ಮೀನು ಮಾರುವವನ ಸೈಕಲ್ಲಿನಲ್ಲಿದ್ದಂಥದ್ದೇ ರಬ್ಬರ್ ಹಾರ್ನ್ ಒಂದನ್ನು ತಂದರು. "ಇದು ಕೂಗಿದರೆ ವಿಮಾನ ಬಂತೆಂದು ತಿಳಿಯಿರಿ. ನಾನು ಹೇಳುವವರೆಗೆ ಬೆಂಚಿನಡಿಯಿಂದ ಏಳಬಾರದು" ಎಂದರು. ವಿಮಾನ ಒಂದೂ ಬರಲಿಲ್ಲ. ಮೀನು ಮಾತ್ರ ದಿನಾ ಬಂತು. ಆ ವರ್ಷದ ಬೀಜಗಣಿತವನ್ನೆಲ್ಲ ನಾವು ಬೆಂಚಿನಡಿಯಲ್ಲೇ ಕಲಿತೆವು. ಯುದ್ಧ ಮುಗಿದರೂ ಅಪ್ಪಣೆಯನ್ನು ಹಿಂತೆಗೆದುಕೊಳ್ಳಲು ಆ ಪುಣ್ಯಾತ್ಮರಿಗೆ ನೆನಪಾಗಲಿಲ್ಲ.

ಮೊನ್ನೆ ಕಟಪಾಡಿಯ ಹೋಟೆಲೊಂದರಲ್ಲಿ ನಮ್ಮ ಕ್ಲಾಸಿನವರೆಲ್ಲ ಸೇರಿದ್ದೆವು. ಬನ್ಸ್ ಬರುವ ಹೊತ್ತಿಗೆ ಹೊರಗೆ ಮೀನಿನ ಸ್ಕೂಟರಿನವನು ಹಾರ್ನ್ ಒತ್ತಿದ. ಮರುಕ್ಷಣ ಎಲ್ಲರೂ ಮೇಜಿನಡಿ. ಮಂಡಿಯ ಆಪರೇಷನ್ ಆದ ಮೇಲೆ ದೇವರ ಮುಂದೆಯೂ ಬಗ್ಗದ ನಾನೂ ಅಲ್ಲಿದ್ದೆ.

ಸಪ್ಲೈಯರ್ ಬಗ್ಗಿ ನೋಡಿದ. "ಎಂತ ಬಿದ್ದದ್ದು?"

"ಎಂತದೂ ಇಲ್ಲ, ಯುದ್ಧ" ಎಂದಳು ಪುಷ್ಪಾವತಿ.

"ಏಳುವುದು ಯಾವಾಗ?"

"ಹೆಡ್‌ಮಾಸ್ಟ್ರು ಹೇಳ್ಬೇಕು ಮಾರಾಯ" ಎಂದ ಲೀಲಾಧರ.

"ಅವರೆಲ್ಲಿದ್ದಾರೆ?"

"ತೀರಿಹೋಗಿ ಇಪ್ಪತ್ತು ವರ್ಷ ಆಯ್ತು."

ಸಪ್ಲೈಯರ್ ಸ್ವಲ್ಪ ಯೋಚಿಸಿದ. ಆಮೇಲೆ ಬನ್ಸಿನ ತಟ್ಟೆಗಳನ್ನು ಒಂದೊಂದಾಗಿ ಮೇಜಿನಡಿಗೆ ದಾಟಿಸತೊಡಗಿದ.