ಮರದ ಸಿಗರೇಟು

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಒಂದು ಕಾಲನ್ನು ನೋಡುತ್ತೇವೆ. ಕಾಲು ನಮ್ಮಣ್ಣನದು. ಅವನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬಲಗಾಲನ್ನು ಸ್ಟೂಲಿನ ಮೇಲೆ ಚಾಚುತ್ತಾನೆ. ಅತ್ತಿಗೆ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಒಂದೊಂದೇ ಬೆರಳಿನ ತುದಿ ಒತ್ತಿ ಬಿಡುತ್ತಾರೆ. ಬಿಳಿಚಿಕೊಂಡ ಜಾಗಕ್ಕೆ ಮತ್ತೆ ಕೆಂಪು ಬರಬೇಕು. ಅಷ್ಟರವರೆಗೆ ಅತ್ತಿಗೆ ಮೆಲ್ಲಗೆ ಎಣಿಸುತ್ತಾರೆ. ಮೂರರೊಳಗೆ ಬಂದರೆ ಅಮ್ಮ ಒಲೆ ಕಡೆ ತಿರುಗುತ್ತಾಳೆ. ಐದು, ಆರು ಅಂತ ಮುಂದೆ ಹೋದರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಿರುಬೆರಳಿನ ಲೆಕ್ಕವಿಲ್ಲ. ಅದನ್ನು ಹೋದ ವರ್ಷವೇ ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದೇವೆ.

ಅಣ್ಣನಿಗೆ ಮೂವತ್ತಮೂರು ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಪೆಟ್ಟು ಬಿದ್ದದ್ದಲ್ಲ. ಹದಿನಾರು ವರ್ಷದಿಂದ ಸೇದಿದ ಸಿಗರೇಟು ಅವನ ಕಾಲಿನ ಸಣ್ಣ ರಕ್ತನಾಳಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿದೆ. ಡಾಕ್ಟರಮ್ಮ ನನ್ನೆದುರಿಗೇ ಹೇಳಿದರು: "ಪೂರ್ತಿ ಬಿಟ್ರೆ ಕಾಲು ಉಳಿಯೋ ಸಾಧ್ಯತೆ ಇದೆ. ಬಿಡದಿದ್ರೆ ಇನ್ನೊಂದು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ದಿನಕ್ಕೆ ಒಂದೇ ಒಂದು ಅಂದ್ರೂ ಇದೇ ಕಥೆ. ಸಿಗರೇಟು ಬಿಡಿಸೋಕೆ ಅಂಟಿಸ್ಕೊಳೋ ಪಟ್ಟಿ, ಜಗಿಯೋ ಗಮ್ಮು ಬರುತ್ತಲ್ಲ, ಅದರಲ್ಲೂ ನಿಕೋಟಿನ್ ಇರುತ್ತೆ. ಈ ಕಾಯಿಲೆಗೆ ಅದೂ ಬೇಡ."

"ಹಾಗಾದ್ರೆ ಏನು ಕೊಡ್ತೀರಿ?" ಅಂದೆ ನಾನು.

"ಕೊಡೋಕೆ ನನ್ನ ಹತ್ರ ಏನಿಲ್ಲಪ್ಪ. ಮನೆಯವರು ನೀವೇ ಏನಾದ್ರೂ ದಾರಿ ನೋಡ್ಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆದರೆ ನನ್ನ ಕೈಗೆ ಕೆಲಸ ಗೊತ್ತು. ಕುರ್ಚಿ, ಮೇಜು, ಬೀರು ಮಾಡುವ ಕಾರ್ಖಾನೆಯಲ್ಲಿ ಡ್ರಾಯರು ಕೂರಿಸುವುದು ನನ್ನ ಪಾಲಿನ ಕೆಲಸ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಕೂರಿಸುತ್ತೇನೆ. ಔಷಧಿ ಅಂಗಡಿಯಲ್ಲಿ ಸಿಗದ್ದನ್ನು ನಾನೇ ಮಾಡುತ್ತೇನೆ ಅಂತ ಹಟ ಹುಟ್ಟಿತು.

ಮೊದಲು ಒಂದು ಪೆಟ್ಟಿಗೆ ಮಾಡಿದೆ. ಹಳೇ ಅಲಾರಂ ಗಡಿಯಾರದ ಹೊಟ್ಟೆ ಬಗೆದು ಅದರ ಸ್ಪ್ರಿಂಗನ್ನು ಮುಚ್ಚಳಕ್ಕೆ ಕಟ್ಟಿದೆ. ಗೊತ್ತುಮಾಡಿದ ಹೊತ್ತಿಗೆ ಮಾತ್ರ ಬಾಯಿ ತೆರೆದು ಒಂದೇ ಒಂದು ಸಿಗರೇಟು ಉದುರಿಸುವ ಪೆಟ್ಟಿಗೆ. ಕೀಲಿ ಅತ್ತಿಗೆ ಕೈಯಲ್ಲಿ. ಹದಿನಾಲ್ಕು ಸೇದುತ್ತಿದ್ದವನು ವಾರಕ್ಕೆರಡರಂತೆ ಇಳಿಯುತ್ತ ನಾಲ್ಕಕ್ಕೆ ಬಂದ. ಅಮ್ಮ ಅಕ್ಕಪಕ್ಕದವರಿಗೆಲ್ಲ ಪೆಟ್ಟಿಗೆ ತೋರಿಸಿದಳು. ನಾನೂ ಉಬ್ಬಿಹೋದೆ. "ಒಂದೂ ಬೇಡ" ಅಂದಿದ್ದ ಡಾಕ್ಟರಮ್ಮನ ಮಾತನ್ನು ಮರೆತು "ನಾಲ್ಕೇ" ಅಂತ ಬೀಗಿದ ಮುಠ್ಠಾಳ ನಾನು.

ಐದನೇ ವಾರ ಒಂದು ಬೆಳಿಗ್ಗೆ ಅತ್ತಿಗೆ ಕಿರುಬೆರಳಿನ ಪಕ್ಕದ ಬೆರಳನ್ನು ಒತ್ತಿದರು. ಎಣಿಸಿದರು. ಒಂಬತ್ತಾದರೂ ಕೆಂಪು ಬರಲಿಲ್ಲ, ತುದಿ ಕಪ್ಪಾಗತೊಡಗಿತ್ತು. ಅಲ್ಲಿಗೇ ನಿಲ್ಲಿಸಿಬಿಟ್ಟರು.

"ರೀ, ನಿಜ ಹೇಳಿ. ನಾಲ್ಕೇನಾ?"

"ಮನೇಲಿ ನಾಲ್ಕೇ ಕಣೆ" ಅಂದ ಅಣ್ಣ.

ಆ "ಮನೇಲಿ" ಅನ್ನುವ ಮಾತು ಕೇಳಿದ್ದೇ ಅತ್ತಿಗೆ ನೀರಿನ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದರು.

ಈಗ ನಿಮಗೆ ನಮ್ಮ ಕಾರ್ಖಾನೆಯ ಪದ್ಧತಿ ಹೇಳಬೇಕು. ಯಾವ ಕಾಗದದಲ್ಲೂ ಬರೆದಿಲ್ಲ, ಆದರೆ ಅದನ್ನು ಮೀರಿದವರಿಲ್ಲ. ಒಳಗೆಲ್ಲ ಮರದ ಹೊಟ್ಟು, ವಾರ್ನಿಶ್ ಡಬ್ಬಿ. ಕಿಡಿ ಬಿದ್ದರೆ ಎಲ್ಲ ಬೂದಿ. ಅದಕ್ಕೇ ಸೇದುವವರನ್ನು ದಿನಕ್ಕೆ ನಾಲ್ಕು ಸಲ ಹಿಂದಿನ ಅಂಗಳಕ್ಕೆ ಕಳಿಸುತ್ತಾರೆ. ನಮ್ಮ ಮೇಸ್ತ್ರಿ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಬಡಿದು "ದಮ್ಮೋ!" ಅಂತ ಕೂಗುತ್ತಾರೆ. ಸೇದುವವರು ಹೋಗಿ ಗೋಡೆ ಪಕ್ಕದ ಉದ್ದ ಬೆಂಚಿನ ಮೇಲೆ ಹತ್ತು ನಿಮಿಷ ಕೂರುತ್ತಾರೆ. ಸೇದದವರು ಹೊರಗೆ ಯಾಕೆ ಹೋಗಬೇಕು? ಅವರು ಯಂತ್ರದ ಮುಂದೆ ನಿಂತೇ ಇರುತ್ತಾರೆ. ಅವರಿಗೊಂದು ಹೆಸರೂ ಇದೆ, "ಖಾಲಿ ಕೈ". ಊಟದ ಹೊತ್ತು ಬಿಟ್ಟರೆ ಒಂಬತ್ತು ಗಂಟೆ ನಿಂತ ಕಾಲಲ್ಲಿ ದುಡಿಯುವ ಜಾಗ ಅದು. ಅಲ್ಲಿ ಕೂರಬೇಕು ಅಂದರೆ ಕೈಯಲ್ಲಿ ಬೆಂಕಿ ಇರಬೇಕು.

ಆ ಮೇಸ್ತ್ರಿ ಬೇರೆ ಯಾರೋ ಅಲ್ಲ, ನಮ್ಮ ಚಿಕ್ಕಪ್ಪ. ಅಪ್ಪ ಹೋದಮೇಲೆ ನಮ್ಮಿಬ್ಬರನ್ನೂ ಕೆಲಸಕ್ಕೆ ಸೇರಿಸಿದವರು. ಹದಿನೇಳರ ಅಣ್ಣ ಮೊದಲ ದಿನ ಹಲಗೆ ಹೊತ್ತು ಹೊತ್ತು ಬಸವಳಿದಾಗ, "ಬಾರೋ, ಕೂತ್ಕೋ, ಇವತ್ತಿಂದ ನೀನೂ ನಮ್ಮೋನು" ಅಂತ ಸಿಗರೇಟು ಹಚ್ಚಿ ಕೊಟ್ಟವರೂ ಅವರೇ. ಪ್ರೀತಿಯಿಂದಲೇ ಕೊಟ್ಟರು. ನನ್ನ ಸಿಟ್ಟಿಗೆ ಅದೇ ತುಪ್ಪ. ನನಗೂ ಕೊಟ್ಟಿದ್ದರು. ನಾನು ಒಂದು ದಮ್ಮು ಎಳೆದು ಅವರ ಚಪ್ಪಲಿ ಮೇಲೇ ವಾಂತಿ ಮಾಡಿಕೊಂಡು ಖಾಲಿ ಕೈಯಾಗಿ ಉಳಿದೆ. ನನ್ನ ಬುದ್ಧಿ ಉಳಿಸಲಿಲ್ಲ ನನ್ನನ್ನು, ಹೊಟ್ಟೆ ಉಳಿಸಿತು.

ಅತ್ತಿಗೆ ಒಂಬತ್ತಕ್ಕೆ ಎಣಿಕೆ ನಿಲ್ಲಿಸಿದ ದಿನ ಸಂಜೆ ಚಿಕ್ಕಪ್ಪನ ಹತ್ತಿರ ಹೋದೆ.

"ಅಣ್ಣನ್ನ ಸೇದದೆ ಕೂರೋಕೆ ಬಿಡಿ. ಅವನ ಕಾಲು ನೋಡಿದೀರಲ್ಲ."

"ಅವನನ್ನ ಬಿಟ್ರೆ ನಾಳೆ ನಿನ್ನನ್ನ, ನಾಡಿದ್ದು ಪಾಲಿಶ್ ಹಾಕೋ ಹೆಂಗಸರನ್ನ. ಆಮೇಲೆ ನಾನೊಬ್ಬನೇ ಗರಗಸ ಎಳೀಲಾ?"

"ಸೇದೋರು ಕೂತರೆ ಕೆಲಸ ಕೆಡಲ್ವಾ?"

"ಲೋ, ಸಿಗರೇಟು ಹಿಡಿದು ಕೂತೋನನ್ನ ನೋಡಿದ್ರೆ ಪಾಪ ದಣಿದಿದಾನೆ ಅಂತಾರೆ. ಖಾಲಿ ಕೈಲಿ ಕೂತೋನನ್ನ ಸೋಮಾರಿ ಅಂತಾರೆ. ಇದು ನಾನು ಮಾಡಿದ್ದಾ? ನಾನು ಬಂದಾಗಲೂ ಹೀಗೇ ಇತ್ತು. ನನಗೆ ಅರವತ್ತಾಯ್ತು, ಹಾರೆ ಹಂಗೆ ಇದೀನಿ. ಎಲ್ಲಾ ಮೈ ಪ್ರಕೃತಿ ಕಣೋ."

ಮನೆಗೆ ಬಂದು ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ. ಅವನು ಸ್ಟೂಲಿನ ಮೇಲೆ ಕಾಲು ಚಾಚಿಕೊಂಡ. ಆಮೇಲೆ, "ಸೇದಬೇಕು ಅಂತ ಮನಸ್ಸಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ತಡ್ಕೋಬಹುದು. ಹನ್ನೊಂದು ಗಂಟೆ ಹೊತ್ತಿಗೆ ಈ ಕಾಲು ಹಿಂಡುತ್ತಲ್ಲ, ಅದನ್ನ ತಡ್ಕೊಳೋಕಾಗಲ್ಲ. ಕೂರಬೇಕು ಅನ್ಸುತ್ತೆ. ಕೂರೋಕೆ ಯಾರ ಹತ್ರನಾದ್ರೂ ಒಂದು ಇಸ್ಕೋತೀನಿ" ಅಂದ.

ಕೇಳಿದಿರಾ? ಸಿಗರೇಟಿನಿಂದ ಸಾಯುತ್ತಿರುವ ಕಾಲಿಗೆ ವಿಶ್ರಾಂತಿ ಬೇಕು ಅಂತ ಸಿಗರೇಟು ಸೇದುತ್ತಾನೆ! ನಾನು ಎಷ್ಟು ಸೇದುತ್ತೀಯ ಅಂತ ನೂರು ಸಲ ಕೇಳಿದ್ದೆ. ಯಾಕೆ ಸೇದುತ್ತೀಯ ಅಂತ ಒಂದು ಸಲವೂ ಕೇಳಿರಲಿಲ್ಲ.

ಅವತ್ತೇ ಬೆರಳು ನೋಡಿದ್ದ ಡಾಕ್ಟರಮ್ಮ ಮೂರು ವಾರ ಬಿಟ್ಟು ಬರಹೇಳಿದ್ದರು. ಅಷ್ಟರಲ್ಲಿ ಕಪ್ಪು ಮೇಲಕ್ಕೆ ಹತ್ತಿದರೆ ಪಾದವನ್ನೇ ತೆಗೆಯುವುದು ಅಂತ ಗೊತ್ತಾಗಿತ್ತು.

ಮಾರನೇ ದಿನ ಊಟದ ಹೊತ್ತಲ್ಲಿ ನಾನು ಮರ ಕಡೆಯುವ ಲೇತಿನ ಮುಂದೆ ನಿಂತೆ. ಬಿಳಿ ಮರದ ತುಂಡೊಂದನ್ನು ಸಿಗರೇಟಿನಷ್ಟೇ ಉದ್ದ, ಅಷ್ಟೇ ದಪ್ಪಕ್ಕೆ ಕಡೆದೆ. ಉಪ್ಪುಕಾಗದದಲ್ಲಿ ತಿಕ್ಕಿದೆ. ಹಿಡಿಯುವ ಕಡೆ ಕಂದು ಬಣ್ಣ, ತುದಿಗೆ ಬೂದಿ ಬಣ್ಣ, ಅದರೊಳಗೆ ಚೂರು ಕೆಂಪು. ಉಸಿರೆಳೆಯಲು ನಡುವೆ ಸಣ್ಣ ತೂತು. ಪಾಲಿಶ್ ಅಕ್ಕ ಅಂತ ನಾವೆಲ್ಲ ಕರೆಯುವ ಹಿರಿಯ ಹೆಂಗಸೊಬ್ಬರಿದ್ದಾರೆ. ಬಣ್ಣದ ಕುಂಚ ಕೊಟ್ಟವರು ಅವರೇ. "ಇದೇನಪ್ಪ, ಬೊಂಬೆಗೂ ಸಿಗರೇಟು ಸೇದಿಸ್ತೀಯಾ?" ಅಂತ ನಕ್ಕರು. ಯಾಕೆ ಅಂತ ಹೇಳಿದಮೇಲೆ ನಗಲಿಲ್ಲ. ಬೂದಿ ಬಣ್ಣವನ್ನು ತಾವೇ ಇನ್ನೊಮ್ಮೆ ಸವರಿಕೊಟ್ಟರು.

ಒಂಬತ್ತು ದಿನ ನಡೆಯಿತು. ಅಣ್ಣ ಬೆಂಚಿನ ತುದಿಯಲ್ಲಿ ಕೂತು, ಅಂಗೈಯಲ್ಲಿ ಅರ್ಧ ಮುಚ್ಚಿಕೊಂಡು ಮರದ ಸಿಗರೇಟು ಎಳೆಯುತ್ತಿದ್ದ. ಪಕ್ಕದವರ ಹೊಗೆಯಲ್ಲಿ ಅವನ ಸಿಗರೇಟಿಗೆ ಹೊಗೆಯಿಲ್ಲ ಅಂತ ಯಾರಿಗೂ ತಿಳಿಯಲಿಲ್ಲ. ಆ ಹೊಗೆ ಕುಡಿಯುವುದೂ ಕೆಟ್ಟದ್ದೇ ಅಂತ ನನಗೆ ಗೊತ್ತಿತ್ತು, ಬೇರೆ ದಾರಿ ಕಾಣಲಿಲ್ಲ. ಅವನು ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದ, ಅನ್ನದ ತಟ್ಟೆ ತಳ್ಳುತ್ತಿದ್ದ. ಆದರೆ ಸೇದಲಿಲ್ಲ, ಪೆಟ್ಟಿಗೆಯ ನಾಲ್ಕನ್ನೂ ಬಿಟ್ಟ. ಕಪ್ಪು ಇದ್ದಲ್ಲೇ ನಿಂತಿತು. ಬೆಳಿಗ್ಗೆ ಉಳಿದ ಬೆರಳುಗಳ ಎಣಿಕೆ ಏಳಕ್ಕೆ ಇಳಿಯಿತು, ಆರಕ್ಕೆ ಬಂತು. ನಾನು ಡ್ರಾಯರು ಕೂರಿಸುತ್ತ ಪ್ರತಿ ದಮ್ಮಿನಲ್ಲೂ ಹಿಂದಿನ ಬಾಗಿಲ ಕಡೆ ಕಿವಿ ಇಟ್ಟಿರುತ್ತಿದ್ದೆ. ಯಾರಾದರೂ ಕೆಮ್ಮಿದರೂ ಕೈಯ ಕೆಲಸ ಬಿಟ್ಟು ಇಣುಕುತ್ತಿದ್ದೆ.

ಹತ್ತನೇ ದಿನ ಚಿಕ್ಕಪ್ಪನ ಬೆಂಕಿಪೊಟ್ಟಣ ಖಾಲಿಯಾಯಿತು. ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ಬಂದು, "ಕೊಡೋ ಬೆಂಕಿ" ಅಂತ ಅಣ್ಣನ ಕಡೆ ಬಗ್ಗಿದರು. ಅಣ್ಣ ಕೈ ಹಿಂದೆ ಎಳೆದುಕೊಂಡ. ಚಿಕ್ಕಪ್ಪ ಆ ಕೈ ಹಿಡಿದುಕೊಂಡರು. ಮರದ ತುದಿಗೆ ಸಿಗರೇಟು ಒತ್ತಿ ಎರಡು ದಮ್ಮು ಎಳೆದರು, ಮೂರು ಎಳೆದರು. ಹತ್ತಲಿಲ್ಲ. ಆಮೇಲೆ ಅದನ್ನು ಕಿತ್ತು ಬೆಂಚಿನ ಮೇಲೆ ಟಕಟಕ ಬಡಿದರು.

ಅಂಗಳದಲ್ಲಿ ನಗು ಎದ್ದಿತು ನೋಡಿ! "ಮೇಸ್ತ್ರಿಗಳೇ, ಗೆದ್ದಲು ಹಿಡಿದೀತು ಜೋಪಾನ!" ಅಂತ ಒಬ್ಬ. "ಇದರ ಮೇಲೆ ಒಂದು ಕೋಟ್ ವಾರ್ನಿಶ್ ಹೊಡೀರಪ್ಪ" ಅಂತ ಇನ್ನೊಬ್ಬ. ಚಿಕ್ಕಪ್ಪ ಕಣ್ಣೀರು ಬರುವ ಹಾಗೆ ನಕ್ಕು, ಯಾರದೋ ಪ್ಯಾಕಿನಿಂದ ಒಂದು ತೆಗೆದು ಅಣ್ಣನ ತುಟಿಗೆ ತಾವೇ ಇಟ್ಟರು. ನಾನು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಅಣ್ಣ ತಲೆ ತಗ್ಗಿಸಿಕೊಂಡು ಹೊಗೆ ಬಿಡುತ್ತಿದ್ದ. ಒಂಬತ್ತು ದಿನದ ಕಷ್ಟ ಅವನ ಮೂಗಿನಿಂದ ಹೊರಗೆ ಹೋಗುತ್ತಿತ್ತು.

ಆ ರಾತ್ರಿಯೆಲ್ಲ ಯಾರನ್ನು ಬೈಯಬೇಕು ಅಂತ ಯೋಚಿಸಿದೆ. ಕೊನೆಗೆ ನನ್ನನ್ನೇ ಬೈದುಕೊಂಡೆ. ಕೂರುವುದಕ್ಕೆ ಅಣ್ಣ ಯಾಕೆ ವೇಷ ಹಾಕಬೇಕು? ಮರದ ಸಿಗರೇಟು ಮಾಡಿ ನಾನು ಆ ದರಿದ್ರ ಪದ್ಧತಿಗೆ ತಲೆಬಾಗಿದ್ದೆ. ಹೌದಪ್ಪ, ಕೂರುವವನ ಕೈಯಲ್ಲಿ ಏನಾದರೂ ಇರಲೇಬೇಕು ಅಂತ ಒಪ್ಪಿಕೊಂಡಿದ್ದೆ. ಮುಂದೆ ನಾನು ಮಾಡಬೇಕಾದ ಕೆಲಸಕ್ಕೆ ಮರ ಬೇಕಿರಲಿಲ್ಲ, ಲೇತ್ ಬೇಕಿರಲಿಲ್ಲ.

ಮರುದಿನ ಹನ್ನೊಂದಕ್ಕೆ "ದಮ್ಮೋ!" ಅಂತ ಕೂಗು ಬಂತು. ನಾನು ಉಳಿ ಕೆಳಗಿಟ್ಟೆ. ಹಿಂದಿನ ಬಾಗಿಲು ದಾಟಿದೆ. ಬೆಂಚಿನ ನಟ್ಟನಡುವೆ ಹೋಗಿ ಕೂತು ಎರಡೂ ಕೈಗಳನ್ನು ಮೊಣಕಾಲ ಮೇಲೆ ಬಿಚ್ಚಿ ಇಟ್ಟೆ.

"ಏನೋ ಇದು?" ಅಂದರು ಚಿಕ್ಕಪ್ಪ.

"ಕೂತಿದೀನಿ."

"ಸಿಗರೇಟೆಲ್ಲಿ?"

"ಇಲ್ಲ. ಕಾಲು ನೋಯ್ತಿದೆ, ಕೂತಿದೀನಿ."

"ಏಳು ಮೇಲೆ! ಎಲ್ಲರ ಮುಂದೆ ನನ್ನ ಮಾನ ಕಳೀಬೇಡ. ಏಳ್ತೀಯೋ, ಮನೆಗೆ ಹೋಗ್ತೀಯೋ?"

"ಹತ್ತು ನಿಮಿಷ ಆದಮೇಲೆ ಏಳ್ತೀನಿ, ಎಲ್ಲರ ಜೊತೆ. ಕೆಲಸದಿಂದ ತೆಗೆಯೋದಿದ್ರೆ ತೆಗೀರಿ, ಆದ್ರೆ ಮಾಲೀಕರ ಮುಂದೆ ನೀವೇ ಹೇಳಿ. ಹೊಗೆ ಬಿಡಲಿಲ್ಲ ಅಂತ ಅಣ್ಣನ ಮಗನನ್ನ ಓಡಿಸ್ದೆ ಅಂತ ಹೇಳಿ."

ಸೇದುವವರು ಸೇದುವುದನ್ನೇ ಮರೆತು ನೋಡುತ್ತಿದ್ದರು. ಚಿಕ್ಕಪ್ಪನ ಕುತ್ತಿಗೆಯ ನರ ಉಬ್ಬಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಪಾಲಿಶ್ ಅಕ್ಕ ಕಾಣಿಸಿಕೊಂಡರು, ಸೆರಗಿಗೆ ಕೈ ಒರೆಸುತ್ತ. ಯಾರನ್ನೂ ಕೇಳಲಿಲ್ಲ. "ಸ್ವಲ್ಪ ಸರಿಯಪ್ಪ" ಅಂದು ನನ್ನ ಪಕ್ಕ ಕೂತು, ಕಾಲು ಚಾಚಿ, ಎದುರಿಗೆ ನೋಡಿದರು. ಅಂಗಳದ ತಂತಿಬೇಲಿಯಾಚೆ ರೈಲೊಂದು ಹೋಗುತ್ತಿತ್ತು.

"ಅಯ್ಯೋ, ಇಲ್ಲಿಂದ ರೈಲು ಕಾಣುತ್ತಾ!" ಅಂದರು. "ಹನ್ನೊಂದು ವರ್ಷದಿಂದ ಸದ್ದು ಮಾತ್ರ ಕೇಳ್ತಿದ್ದೆ."

ಯಾರೂ ನಗಲಿಲ್ಲ. ಚಿಕ್ಕಪ್ಪ ಮುಖ ಆ ಕಡೆ ತಿರುಗಿಸಿದರು.

ಅಣ್ಣ ಕುಂಟುತ್ತ ಬಂದ. ಹಿಂದಿನ ದಿನದ ಅವಮಾನ ಅವನ ಮುಖದಲ್ಲಿ ಇನ್ನೂ ಹಾಗೇ ಇತ್ತು. ನಾವಿಬ್ಬರೂ ಅತ್ತಿತ್ತ ಸರಿದು ಜಾಗ ಬಿಟ್ಟೆವು. ಅವನು ನಿಧಾನಕ್ಕೆ ಕೂತು ಬಲಗಾಲನ್ನು ಎರಡೂ ಕೈಯಿಂದ ಎತ್ತಿ ನೇರ ಮಾಡಿಕೊಂಡ. ಚಿಕ್ಕಪ್ಪ ಹತ್ತಿರ ಬಂದರು. ಅವರ ದನಿ ಇಳಿದಿತ್ತು. "ತಗೋಳೋ, ನಿನಗೂ ಬೇಕು ಅಂತ ಗೊತ್ತು. ಇವನ ಮಾತು ಕಟ್ಕೋಬೇಡ" ಅಂತ ಪ್ಯಾಕು ಚಾಚಿದರು. ಒಂದು ಸಿಗರೇಟು ಅರ್ಧ ಹೊರಗೆ ಬಂದು ಕಾಯುತ್ತಿತ್ತು.

ಅಣ್ಣ ಅದನ್ನೇ ನೋಡಿದ. ಎಂಜಲು ನುಂಗಿದ್ದು ನನಗೆ ಕಾಣಿಸಿತು. ಅವನ ಕೈ ತೊಡೆಯಿಂದ ಚೂರು ಮೇಲೆದ್ದಿತು. ಆ ಕೈ ಮತ್ತೆ ತೊಡೆಯ ಮೇಲೇ ಇಳಿಯಿತು.

"ಬೇಡ ಚಿಕ್ಕಪ್ಪ" ಅಂದ. "ಆಗಲೇ ಕೂತಾಯ್ತಲ್ಲ."

ಇದು ನಡೆದು ನಲವತ್ತು ದಿನ, ಅಣ್ಣ ಮತ್ತೆ ಸೇದಿಲ್ಲ. ಕಿರುಬೆರಳಿನ ಪಕ್ಕದ ಆ ಬೆರಳು ಉಳಿಯಲಿಲ್ಲ. ಪಾದ ಉಳಿದಿದೆ. ಇವತ್ತಿನವರೆಗೆ ಉಳಿದಿದೆ, ನಾಳೆಯದು ನನಗೆ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಚಿಕ್ಕಪ್ಪ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಈಗ ದಮ್ಮಿನ ಹೊತ್ತಲ್ಲಿ ಖಾಲಿ ಕೈಯವರೂ ಕೂರುತ್ತಾರೆ, ಬೆಂಚು ಎರಡಾಗಿವೆ. ಎರಡನೆಯದನ್ನು ನಾನು ಮಾಡಿ ಹೊಗೆ ಬಾರದ ಬದಿಗೆ ಹಾಕಿದ್ದೇನೆ. ಸಿಗರೇಟು ಬಿಡಿಸಲು ನಾನು ಮಾಡಿದ ಮೂರನೇ ವಸ್ತು ಅದು. ನಾಲ್ಕು ಕಾಲು, ಒಂದು ಹಲಗೆ. ಮಾಡಲು ಅರ್ಧ ದಿನ ಹಿಡಿಯಿತು. ನಿಮ್ಮಲ್ಲಿ ಬೇಕಿದ್ದರೆ ಹೇಳಿ, ಅಳತೆ ಬರೆದು ಕಳಿಸುತ್ತೇನೆ.