ನೀರು ಮುಟ್ಟದ ಜಿರಾಫೆ

ನನ್ನ ಮೊಮ್ಮಕ್ಕಳು ಚಿತ್ರದ ಪುಸ್ತಕ ಹಿಡಿದು ಬಂದು, "ಆಯಿ, ಇದು ಜಿರಾಫೆ. ನೀ ಎಲ್ಲಿ ನೋಡಿರ್ತಿ ಬಿಡು," ಎನ್ನುತ್ತವೆ. ನೋಡಿಲ್ಲವಂತೆ! ನೆಟ್ಟಗೆ ಮೂಗು ಒರೆಸಿಕೊಳ್ಳಲು ಬಾರದವು ನನಗೆ ಪಾಠ ಹೇಳಲು ಹೊರಟಿವೆ. ಇವರಪ್ಪ ಹುಟ್ಟುವ ಮೊದಲೇ, ನಿಜಾಮರ ಕಾಲದಲ್ಲಿ, ಜಿರಾಫೆಯ ಬಿಸಿ ಉಸಿರು ನನ್ನ ಮುಖಕ್ಕೆ ತಾಗಿದೆ. ಸುಮ್ಮನೆ ಕೂತು ಕೇಳಿ.

ಆಗ ನಾನೂ ನನ್ನ ಗಂಡ ಗೊಲ್ಲಾಳಪ್ಪನೂ ಶಹಾಬಾದ್ ಸ್ಟೇಷನ್ನಿನಲ್ಲಿ ಫರಸಿ ಹೊರುತ್ತಿದ್ದೆವು. ಫರಸಿ ಎಂದರೆ ಈಗ ನೀವು ಕೂತಿರುವ ಈ ಚಪ್ಪಟೆ ಕಲ್ಲೇ. ಗಣಿಯಿಂದ ಬಂಡಿಯಲ್ಲಿ ಬಂದದ್ದನ್ನು ಇಳಿಸಿ ಗೂಡ್ಸ್ ಗಾಡಿಗೆ ಏರಿಸುವುದು ನಮ್ಮ ಕೆಲಸ. ಒಂದು ಬೇಸಿಗೆಯ ಮಧ್ಯಾಹ್ನ, ಮುಂಬಯಿ ಕಡೆಯಿಂದ ಬಂದ ಗೂಡ್ಸ್ ಗಾಡಿಯ ಗಾಲಿ ಕಾದು ಹೊಗೆಯಾಡಿತೆಂದು ನಮ್ಮಲ್ಲಿ ನಿಲ್ಲಿಸಿದರು. ಅದರ ಕೊನೆಯ ಡಬ್ಬಿಗೆ ಸೂರಿರಲಿಲ್ಲ. ಹಲಗೆಗಳ ಮೇಲಿಂದ ಒಂದು ತಲೆ ಎದ್ದು ನಿಂತಿತ್ತು.

ಯವ್ವಾ, ಎಂಥಾ ಕುತ್ತಿಗೆ! ಏರುತ್ತಾ ಏರುತ್ತಾ ಹೋಗಿ, ಮುಗಿಯಿತು ಅನ್ನುವಷ್ಟರಲ್ಲಿ ಇನ್ನೂ ಮೇಲೆ ಹೋಗಿತ್ತು. ಮೈಮೇಲಿನ ಮಚ್ಚೆಗಳು ಬೇಸಿಗೆಯಲ್ಲಿ ಬಿರಿದ ನಮ್ಮ ಎರೆಹೊಲದ ಹಾಗೆ. ತಲೆಯ ಮೇಲೆ ಚರ್ಮ ಹೊದ್ದ ಎರಡು ಪುಟ್ಟ ಕೊಂಬು. ನನ್ನ ಕೈಯ ಕಲ್ಲು ಎಲ್ಲಿ ಬಿತ್ತೋ ಗೊತ್ತಿಲ್ಲ. ದೇವರು ಇಂಥದ್ದನ್ನೂ ಮಾಡಿಟ್ಟಿದ್ದಾನೆಯೇ ಎಂದು ನನಗೆ ಅಳುವೇ ಬಂತು.

ಜೊತೆಗಿದ್ದವನು ಗುಲಾಮ್ ರಸೂಲ್, ಹೈದರಾಬಾದಿನ ಯಾರೋ ಸಾಹುಕಾರರ ಕುದುರೆ ನೋಡಿಕೊಳ್ಳುವವನು. ಆಫ್ರಿಕಾದಿಂದ ಹಡಗಿನಲ್ಲಿ ಇದನ್ನು ಸಾಕಿ ತಂದವನು ಜ್ವರ ಬಂದು ಸೊಲ್ಲಾಪುರದಲ್ಲೇ ಉಳಿದಿದ್ದ. ದಾರಿಯಲ್ಲಿ ಅವನು ಹೇಳಿಕೊಟ್ಟದ್ದನ್ನು ರಸೂಲ್ ನಮಗೆ ಹೇಳತೊಡಗಿದ.

"ಇನ್ನಾ ಕೂಸು ಇದು. ದೊಡ್ಡದಾದ್ರ ಮೂರು ಆಳು ಒಬ್ಬರ ಮ್ಯಾಲೆ ಒಬ್ಬರು ನಿಂತಷ್ಟು ಎತ್ತರ. ಹುಟ್ಟೂವಾಗೇ ತಾಯಿ ಹೊಟ್ಟಿಂದ ಆಳೆತ್ತರ ಕೆಳಗ ಬೀಳ್ತದ. ಬಿದ್ದು ಒಂದು ತಾಸಿನಾಗ ಎದ್ದು ನಿಲ್ತದ!"

"ಕುತ್ತಿಗ್ಯಾಗ ನೂರು ಎಲುಬು ಇರಬೇಕಲ್ಲ?" ಗೊಲ್ಲಾಳಪ್ಪ ಕೇಳಿದ.

"ಏಳೇ ಏಳು. ನಿನಗೂ ಏಳೇ."

ಗೊಲ್ಲಾಳಪ್ಪ ತನ್ನ ಕತ್ತು ತಡವಿಕೊಂಡ. ಎಲ್ಲರೂ ನಕ್ಕರು. ರಸೂಲ್ ಮಾತ್ರ ನಗಲಿಲ್ಲ.

"ಸಾಕಿದಾವ ಇಳಿದು ಎರಡು ದಿನ ಆತು, ಆವಾಗಿಂದ ನೀರು ಮುಟ್ಟಿಲ್ಲ. ಒಣ ಹುಲ್ಲೂ ಬಿಟ್ಟದ. ಅವನ ಕೈ ಹಿಡಿದು ಜಬಾನ್ ಕೊಟ್ಟೀನಿ, ಜೀವಂತ ಮುಟ್ಟಸ್ತೀನಿ ಅಂತ. ಇದು ಸತ್ರ ನಾ ಯಾವ ಮುಖ ತೋರಿಸ್ಲಿ?" ಎಂದ.

ಆಗ ನೋಡಿದೆ. ಅದರ ಕಣ್ಣು ಗುಳಿಬಿದ್ದಿದ್ದವು. ಕಾಲ ಬಳಿ ನೀರು ತುಂಬಿದ ಬಾನಿ ಹಾಗೆಯೇ ಇತ್ತು.

ನಮ್ಮ ಗುಂಪಿನ ಹಿರಿಯಳು ಶರಣಬಸಮ್ಮ. "ದೃಷ್ಟಿ ಆಗ್ಯಾದ! ಮುಂಬಯಿಂದ ಇಲ್ಲೀತನ ಎಷ್ಟು ಮಂದಿ ಬಾಯಿ ತಕ್ಕೊಂಡು ನೋಡ್ಯಾರೋ," ಎಂದಳು. ಎತ್ತು ಮೇವು ಬಿಟ್ಟರೂ ನಮ್ಮಲ್ಲಿ ಮೊದಲು ನೆನಪಾಗುವುದು ಅದೇ. ಉಪ್ಪು, ಒಣಮೆಣಸಿನಕಾಯಿ ಇಳಿತೆಗೆದು ಕೆಂಡಕ್ಕೆ ಹಾಕಿದಳು. ಘಾಟಿಗೆ ಸ್ಟೇಷನ್ನೇ ಕೆಮ್ಮಿತು. ಜಿರಾಫೆ ಮಾತ್ರ ಕೆಮ್ಮಲಿಲ್ಲ! ಮೂಗಿನ ಹೊಳ್ಳೆಗಳನ್ನು ಬಾಗಿಲು ಹಾಕಿದಂತೆ ಮುಚ್ಚಿಕೊಂಡು ನಿಂತಿತ್ತು. ಅದಕ್ಕೆ ಆ ವಿದ್ಯೆಯೂ ಗೊತ್ತು. ಆದರೆ ನೀರು ಕುಡಿಯಲಿಲ್ಲ.

ನಾನು ಹಲಗೆಯ ಸಂದಿಯಲ್ಲಿ ಕಣ್ಣಿಟ್ಟೆ. ಅದು ಬಾನಿಯತ್ತ ಕುತ್ತಿಗೆ ಇಳಿಸಿತು. ಅಷ್ಟುದ್ದದ ಕುತ್ತಿಗೆಯೂ ನೆಲ ಮುಟ್ಟಲಿಲ್ಲ, ಕಾಲು ಇನ್ನೂ ಉದ್ದ! ಮುಂಗಾಲುಗಳನ್ನು ಅಗಲಿಸಲು ಹೋಯಿತು. ಟಪ್ಪೆಂದು ಗೊರಸು ಹಲಗೆಗೆ ಬಡಿಯಿತು. ಬೆದರಿ ತಲೆಯೆತ್ತಿತು. ಆ ಹಲಗೆಯ ಮೇಲೆ ಗೊರಸು ತರಚಿದ ಗುರುತು ಎಷ್ಟಿದ್ದವೋ.

ನನಗೆ ತಿಳಿದುಹೋಯಿತು. ದಿನವಿಡೀ ಫರಸಿ ಎತ್ತುವವಳು ನಾನು. ಕಾಲು ಅಗಲಿಸದೆ ನೆಲದ ಕಲ್ಲಿಗೆ ಕೈ ಎಟುಕುವುದಿಲ್ಲ.

"ಎಲೋ ರಸೂಲಾ, ಇದೇನು ನಿನ್ನ ಕುದುರಿ ಅಂತ ತಿಳಿದೀಯೇನು? ಅದಕ್ಕ ಕಾಲು ಅಗಲಿಸ್ಲಿಕ್ಕೆ ಜಾಗಾನೇ ಇಲ್ಲ. ನೀರು ಮ್ಯಾಲೆ ಬೇಕದ, ಮ್ಯಾಲೆ!" ಎಂದು ಕೂಗಿದೆ.

ಅವನು ಹಣೆ ಬಡಿದುಕೊಂಡು, ಡಬ್ಬಿಯೊಳಗೆ ಹತ್ತಿ ಬಕೆಟ್ ಎತ್ತಿ ಹಿಡಿದ. ಬಕೆಟ್ ಅಲುಗಿ ಗಿಲಕೆಂದಿತು, ಜಿರಾಫೆ ಹಿಂದೆ ಸರಿದು ಒದೆಯಲು ಕಾಲೆತ್ತಿತು. ಆ ಒದೆ ಬಿದ್ದರೆ ಸಿಂಹವೇ ಸಾಯುತ್ತದಂತೆ. ರಸೂಲ್ ಹೊರಗೆ ಹಾರಿದ.

ಅಲುಗಾಡದ್ದು ಬೇಕಿತ್ತು. ನಮ್ಮ ಕಲ್ಲಿಗಿಂತ ಅಲುಗಾಡದ್ದು ಇನ್ನೇನಿದೆ? ಯಾರೂ ಯಾರಿಗೂ ಹೇಳಲಿಲ್ಲ. ಗೊಲ್ಲಾಳಪ್ಪ ಹೊರಗೆ ಡಬ್ಬಿಗೆ ಒತ್ತಿ ಮೊದಲ ಫರಸಿ ಇಟ್ಟ, ಅದರ ಮೇಲೆ ಅಡ್ಡಡ್ಡ ಇನ್ನೊಂದು. ಕೈಯಿಂದ ಕೈಗೆ ಕಲ್ಲು ಏರಿದವು. ಆ ಬಿಸಿಲಿಗೆ ಅಂಗೈ ಸುಡುತ್ತಿದ್ದರೂ ಒಬ್ಬರೂ ಉಶ್ ಅನ್ನಲಿಲ್ಲ. ಕಟ್ಟೆ ಜಿರಾಫೆಯ ಎದೆಮಟ್ಟ ಬಂದಾಗ ಮೇಲೆ ಬಾನಿ ಇಟ್ಟು ನೀರು ತುಂಬಿದೆವು.

ಹಲಗೆ ದಾಟಿ ಕುತ್ತಿಗೆ ನಿಧಾನ ಇಳಿಯಿತು. ಕಟ್ಟೆ ಹತ್ತಿದ್ದ ನನ್ನ ಮುಖಕ್ಕೆ ಅದರ ಉಸಿರು ತಾಗಿತು. ಕಣ್ಣಿನ ರೆಪ್ಪೆ ಎಷ್ಟು ಉದ್ದ ಅಂತೀರಿ! ಮೂತಿ ನೀರಿಗಿಟ್ಟು ಕುಡಿಯಿತು, ಕುಡಿಯಿತು, ಮತ್ತೂ ಕುಡಿಯಿತು. ಹಿಂದೆ ನಿಂತವರು ಕೊಡದ ಮೇಲೆ ಕೊಡ ತಂದರು. ಆಮೇಲೆ ಗೊಲ್ಲಾಳಪ್ಪ ಜಾಲಿ ಟೊಂಗೆ ಕಡಿದು ತಂದ. ಮೊಳದುದ್ದದ ಕರಿ ನಾಲಿಗೆ ಚಾಚಿ, ಮುಳ್ಳಿನ ನಡುವಿನ ಎಲೆಯನ್ನಷ್ಟೇ ಎಳೆದು ತಿಂದಿತು.

ಗಾಡಿ ಹೊರಡುವ ಹೊತ್ತಾಯಿತು. ಇದ್ದಕ್ಕಿದ್ದಂತೆ ರಸೂಲ್ ಚೀರಿದ. "ಯಾ ಅಲ್ಲಾ! ಗಂಟಲಾಗ ಏನೋ ಸಿಕ್ಕದ! ಮುಳ್ಳು ನುಂಗ್ಯಾದ!"

ಕುತ್ತಿಗೆಯ ಬುಡದಲ್ಲಿ ಮುಷ್ಟಿಗಾತ್ರದ ಗಂಟೊಂದು ಉಬ್ಬಿತ್ತು. ಅದು ಮೇಲಕ್ಕೆ ಸರಿಯುತ್ತಿತ್ತು. ಕುದುರೆ ಸಾಕಿದವನು ಅದನ್ನು ಎಲ್ಲಿ ಕಂಡಿರಬೇಕು? ದನ ಸಾಕಿದ ನಾವು ಉಸಿರು ಬಿಗಿಹಿಡಿದೆವು. ಗಂಟು ಏರಿತು, ಆ ಕುತ್ತಿಗೆಯ ಉದ್ದಕ್ಕೂ ಏರಿತು, ಬಾಯಿಗೆ ಸೇರಿತು. ದವಡೆ ಅತ್ತಿತ್ತ ಆಡತೊಡಗಿತು.

ಶರಣಬಸಮ್ಮ ಕೈ ಮುಗಿದಳು. "ಮೆಲಕು ಹಾಕ್ಲಿಕತ್ತದಪ್ಪೋ! ಮೆಲಕು ಹಾಕೋ ದನ ಸಾಯಂಗಿಲ್ಲ."

ಕುದುರೆ ಮೆಲಕು ಹಾಕುವುದಿಲ್ಲವಲ್ಲ, ರಸೂಲನಿಗೆ ತಿಳಿಯಲಿಲ್ಲ. ಗೊಲ್ಲಾಳಪ್ಪ ಅವನ ಹೆಗಲು ಹಿಡಿದು, "ಉಳೀತು ಭಾಯಿ, ನಿನ್ನ ಕೂಸು ಉಳೀತು," ಎಂದ. ಅಷ್ಟು ದೊಡ್ಡ ಗಂಡಸು ನಮ್ಮ ಕಲ್ಲಿನ ಕಟ್ಟೆಗೆ ಒರಗಿ ಗಳಗಳನೆ ಅತ್ತುಬಿಟ್ಟ. ಅವನ ತಲೆಯ ಮೇಲೆ, ಜಿರಾಫೆಯ ಕುತ್ತಿಗೆಯಲ್ಲಿ, ಎರಡನೆಯ ಗಂಟು ಏರಲು ಹತ್ತಿತ್ತು.