ಬಾಗಿಲ ಬಳಿಯ ಮಡಚುವ ಸೀಟು

"ಮೂವತ್ತು," ಎಂದ ಡ್ರೈವರ್, ಎರಡನೇ ಸಲ ಎಣಿಸಿ ಮುಗಿಸಿ. "ಎರಡು ಕಡಿಮೆ. ಬರುವಾಗ ಮೂವತ್ತೆರಡಿತ್ತು."

ಮಣ್ಣು ಮಾಡಿ ಮುಗಿದಿತ್ತು. ಶಾಲೆಯ ಬಸ್ಸಿನ ಪುಟ್ಟ ಪುಟ್ಟ ಸೀಟುಗಳಲ್ಲಿ ದೊಡ್ಡವರೆಲ್ಲ ಮೊಣಕಾಲು ಮಡಚಿ ತುರುಕಿಕೊಂಡಿದ್ದರು. ಎಲ್ಲರಿಗೂ ಹಸಿವು. ಹಾಗೆಂದು ಹೇಳಿಕೊಳ್ಳುವ ದಿನವಲ್ಲ.

"ಹೊರಡಪ್ಪಾ, ಯಾರೋ ಬೈಕಲ್ಲಿ ಹೋಗಿರ್ತಾರೆ," ಎಂದರು ಪಕ್ಕದ ಮನೆಯ ಟೀಚರಮ್ಮ.

"ಆಗಲ್ಲಮ್ಮಾ. ಅಕ್ಕ ಎಣಿಸಿ, ಬಾಗಿಲ ಪಕ್ಕದ ಆ ತಗಡಿಗೆ ಎರಡು ಸಲ ತಟ್ಟದೆ ಇಪ್ಪತ್ತೆರಡು ವರ್ಷದಲ್ಲಿ ಈ ಬಸ್ಸು ಅರ್ಧ ಅಡಿ ಕದಲಿಲ್ಲ. ಇವತ್ತೇ ತಪ್ಪಿಸಿದ್ರೆ ಎದ್ದು ಬಂದು ಬೈತಾಳೆ."

ಹಿಂದೆ ಒಂದಿಬ್ಬರು ನಕ್ಕರು. ನಗಬಾರದಿತ್ತೇನೋ ಎಂದು ಆಮೇಲೆ ಕೆಮ್ಮಿದರು.

ಕುಶನ್ ಕೆಲಸದವನು ಮೊದಲ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದ. ಸತ್ತವಳು ಅವನ ಹೆಂಡತಿ, ಈ ಬಸ್ಸಿನ ಆಯಾ. ಇಲ್ಲಿನ ಒಂದೊಂದು ಸೀಟಿನ ರೆಕ್ಸಿನ್ನೂ ಅವನೇ ಹೊಲಿದದ್ದು. ಬಾಗಿಲ ಬಳಿ ಅವಳು ಕೂರುತ್ತಿದ್ದ ಮಡಚುವ ಸೀಟಿಗೆ ಮಾತ್ರ ಯಾರಿಗೂ ಹೇಳದೆ ಎರಡು ಪದರ ಸ್ಪಂಜು ಹಾಕಿದ್ದ. ಬೆಳಿಗ್ಗೆ ಡ್ರೈವರ್ ರೂಢಿಯಂತೆ ಅದನ್ನು ಬಿಡಿಸಿಟ್ಟಿದ್ದ. ಜಾಗವಿಲ್ಲದೆ ನಿಂತವರೂ ಅದರ ಮೇಲೆ ಕೂತಿರಲಿಲ್ಲ.

ಕಡಿಮೆಯಾದ ಇಬ್ಬರಲ್ಲಿ ಒಬ್ಬ ಯಾರೆಂದು ಅವನಿಗೆ ಗೊತ್ತಿತ್ತು. ಕಿಟಕಿಯಾಚೆ, ಸ್ಮಶಾನದ ಗೇಟಿನ ಕಂಬಕ್ಕೆ ಒರಗಿ ಮಗ ನಿಂತಿದ್ದ. ಬರುವಾಗ ಇದೇ ಬಸ್ಸಿನಲ್ಲಿ ತಾಯಿಯ ತಲೆಯ ಬಳಿ ಕೂತು ಬಂದವನು ಈಗ ಬಸ್ಸು ಹತ್ತುವ ಲಕ್ಷಣ ಕಾಣಲಿಲ್ಲ. ಅಪ್ಪ ಮಗನಿಗೆ ಮಾತು ನಿಂತು ಎರಡು ವರ್ಷ. ಕುಶನ್ ಅಂಗಡಿ ಬಿಟ್ಟು ಬೇಕರಿಗೆ ಸೇರುತ್ತೇನೆ ಎಂದದ್ದಕ್ಕೆ "ಹಾಗಾದ್ರೆ ಈ ಹೊಸ್ತಿಲು ತುಳೀಬೇಡ" ಎಂದಿದ್ದ ಇವನು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಮಗನೇನು ಕಡಿಮೆಯೇ? ನೂಲಿನಂತೆ ಸೀರೆ. ಅಂದೇ ಹೊರಟವನು, ಇಂದು ಬೆಳಿಗ್ಗೆಯೂ ಬೀದಿಯಲ್ಲೇ ಕಾದಿದ್ದು, ತಾಯಿಯನ್ನು ಹೊರಗೆ ತಂದ ಮೇಲೆ ಹೆಗಲು ಕೊಟ್ಟಿದ್ದ.

"ಅಪ್ಪಾ," ಎಂದಳು ಮಗಳು ಮೆಲ್ಲಗೆ. "ಅಣ್ಣ ಅಲ್ಲಿದ್ದಾನೆ."

"ನಂಗೂ ಕಣ್ಣಿದೆ."

*

ಎಣಿಸುವ ಗೀಳು ಶುರುವಾದದ್ದು ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಒಂದು ಮಧ್ಯಾಹ್ನ ಕೊನೆಯ ಸೀಟಿನಲ್ಲಿ ಮಗುವೊಂದು ನಿದ್ದೆ ಹೋದದ್ದು ತಿಳಿಯದೆ ಬಸ್ಸಿಗೆ ಬೀಗ ಹಾಕಿಬಿಟ್ಟಿದ್ದರು. ಅರ್ಧ ಗಂಟೆಯ ಮೇಲೆ ತೆಗೆದಾಗ ಮಗು ಬೆವತು, ಅತ್ತು ಸುಸ್ತಾಗಿತ್ತು, ಅಷ್ಟೇ. ಇನ್ನೇನೂ ಆಗಿರಲಿಲ್ಲ.

ಅಂದು ಮನೆಯಲ್ಲಿ ಊಟಕ್ಕೆ ಕೂತವರ ಮುಂದೆ ಸೌಟು ಹಿಡಿದು ನಿಂತವಳು, ಗಂಡ, ಮಗ, ಮಗಳ ತಲೆಗಳನ್ನು ಒಂದೊಂದಾಗಿ ಮುಟ್ಟಿದಳು. "ಒಂದು, ಎರಡು, ಮೂರು. ಮೂರೂ ಇದ್ದೀರಿ. ಇನ್ನೇನು ಬೇಕು ನಂಗೆ?" ಎಂದು ಬಡಿಸಿದಳು.

ಮರುದಿನವೂ ಅದೇ. ಆಮೇಲೆ ದಿನಾ ಅದೇ. ಕರೆಂಟು ಹೋದ ದಿನವೂ ಬಿಡಲಿಲ್ಲ, ಜ್ವರ ಬಂದ ದಿನವೂ ಬಿಡಲಿಲ್ಲ. ಗಂಡನೊಡನೆ ಮಾತು ಬಿಟ್ಟ ದಿನಗಳಲ್ಲಿ ಅವನ ತಲೆಯನ್ನು ಸ್ವಲ್ಪ ಜೋರಾಗಿಯೇ ಮುಟ್ಟುತ್ತಿದ್ದಳು.

"ನಾವೇನು ಕುರಿಗಳೇನೇ?" ಎಂದು ಅವನು ರೇಗುತ್ತಿದ್ದ.

"ಕುರಿ ಆಗಿದ್ರೆ ಹೇಳಿದ ಮಾತು ಕೇಳ್ತಿದ್ರಿ."

"ಅಮ್ಮಾ, ನಾವು ನಾಲ್ಕು ಜನ," ಎಂದು ಮಗಳು ಒಮ್ಮೆ ತಿದ್ದಲು ಹೋಗಿದ್ದಳು. "ನಿನ್ನನ್ನೇ ಬಿಟ್ಟೆ."

"ಎಣಿಸೋಳನ್ನ ಯಾರಾದ್ರೂ ಎಣಿಸ್ತಾರೇನೇ? ಅವಳು ಇದ್ದೇ ಇರ್ತಾಳೆ."

ಮಗ ಮನೆ ಬಿಟ್ಟ ಮೇಲೂ ಎಣಿಕೆ ಇಳಿಯಲಿಲ್ಲ. ಎರಡು ತಲೆ ಮುಟ್ಟಿ, ಫೋನು ಕಿವಿಗಿಟ್ಟು, "ಊಟ ಆಯ್ತೇನೋ?" ಎಂದು ಕೇಳಿ, ಆಮೇಲೆ "ಮೂರು" ಎನ್ನುವಳು.

"ಎರಡು ಅನ್ನು," ಎಂದು ಗಂಡ ಗದರಿದ್ದ.

"ನಿಮ್ಮ ಸಿಟ್ಟಿಗೆ ನನ್ನ ಲೆಕ್ಕ ಯಾಕೆ ಕೆಡಿಸ್ಕೊಳ್ಳಲಿ?"

ಮೊನ್ನೆಯೂ ಹಾಗೇ ಎಣಿಸಿ, ಬಡಿಸಿ, ಪಾತ್ರೆ ತೊಳೆದಿಟ್ಟು ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

*

"ಬೆಳಿಗ್ಗೆ ಬಸ್ಸು ಹತ್ತಿದ ಕೂಡ್ಲೆ ಹೇಳೋಳು, ಭಾವ," ಎಂದ ಡ್ರೈವರ್, ಇತ್ತ ತಿರುಗಿ. "'ನಿನ್ನೆ ಮೂರೂ ಜನ ಉಂಡರು ಕಣೋ' ಅಂತ. ಲಾಟರಿ ಹೊಡೆದೋರ ಹಾಗೆ. ಇದೇನು ಸುದ್ದಿ ಅಕ್ಕಾ, ದಿನಾ ಉಣ್ಣಲ್ವಾ ಅಂದ್ರೆ, 'ದಿನಾ ಉಣ್ತಾರಲ್ಲ, ಅದೇ ಸುದ್ದಿ' ಅನ್ನೋಳು. ಮೊನ್ನೆವರೆಗೂ ಮೂರೇ. ನಿಮ್ಮ ಮಗ ಮನೇಲಿಲ್ಲ ಅನ್ನೋದೇ ನಂಗೆ ಇವತ್ತು ಗೊತ್ತಾಗಿದ್ದು."

ಕುಶನ್ ಕೆಲಸದವನ ಮುಖ ಬಿಸಿಯಾಯಿತು. ತನ್ನನ್ನು ಚುಚ್ಚಲೆಂದೇ ಅವಳು ಮೂರು ಎನ್ನುತ್ತಾಳೆಂದು ಎರಡು ವರ್ಷ ತಿಳಿದಿದ್ದ. ಅವಳೋ, ದಿನವೆಲ್ಲ ಜೊತೆಗಿದ್ದವನ ಮುಂದೂ ಮನೆಯ ಮಾತು ಬಿಟ್ಟುಕೊಟ್ಟಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಸೀಟಿನ ಕಂಬಿ ಹಿಡಿದು ಎದ್ದ.

ಗೇಟಿನ ತನಕ ಇಪ್ಪತ್ತು ಹೆಜ್ಜೆ. ಮಗನ ಉಗುರುಗಳ ಸಂದಿಯಲ್ಲಿ ಮಣ್ಣಿತ್ತು, ಇವನ ಉಗುರುಗಳಲ್ಲೂ.

"ಬಸ್ಸು ಹೊರಡ್ತಿಲ್ಲ," ಎಂದ.

"ನೀವು ಹೋಗಿ. ನಾನು ಹೀಗೇ ರೂಮಿಗೆ ಹೋಗ್ತೀನಿ."

"ಎಣಿಕೆ ಕಡಿಮೆ ಬರ್ತಿದೆ."

ಮಗ ನೆಲ ನೋಡಿದ. "ಹೊಸ್ತಿಲು ತುಳೀಬೇಡ ಅಂದಿದ್ರಿ."

"ಅಂದಿದ್ದೆ." ತುಕ್ಕು ಹಿಡಿದ ಮೊಳೆ ಕೀಳುವಷ್ಟು ಹೊತ್ತು ಹಿಡಿಯಿತು ಮುಂದಿನ ಮಾತಿಗೆ. "ತಪ್ಪಾಯ್ತು. ಬಾರೋ. ಅವಳ ಲೆಕ್ಕ ಕೆಡಿಸೋದು ಬೇಡ."

ಮಗ ಕಂಬದಿಂದ ಬೆನ್ನು ತೆಗೆದ. ಅಪ್ಪನ ಹಿಂದೆ ನಡೆದು ಬಂದು, ಬಸ್ಸು ಹತ್ತಿ, ತಂಗಿಯ ಪಕ್ಕ ಕೂತ. ಅವಳು ಸರಿದು ಜಾಗ ಮಾಡಿಕೊಟ್ಟು ಅವನ ತೋಳು ಹಿಡಿದಳು.

ಡ್ರೈವರ್ ಮತ್ತೆ ಎಣಿಸಿದ. "ಮೂವತ್ತೊಂದು. ಇನ್ನೂ ಒಂದು ಬರಬೇಕು."

ಟೀಚರಮ್ಮ ಸೀಟಿನ ಕೆಳಗೆ ಬಗ್ಗಿ ನೋಡಿದರು. ಯಾರೋ ಇಳಿದು ಗೋಡೆಯಾಚೆ ಇಣುಕಿ ಬಂದರು. ಡ್ರೈವರ್ ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ಎಣಿಸಿದ.

"ಬರುವಾಗ ಮೂವತ್ತೆರಡು. ನಾನೇ ಎಣಿಸಿದ್ದು, ಎರಡೆರಡು ಸಲ."

"ಮಾಮಾ," ಎಂದಳು ಮಗಳು. "ಬರುವಾಗ ಅಮ್ಮನ್ನೂ ಸೇರಿಸಿ ಎಣಿಸಿದ್ರಾ?"

ಎಣಿಸುತ್ತಿದ್ದ ಬೆರಳು ಗಾಳಿಯಲ್ಲೇ ನಿಂತಿತು.

"ಬಸ್ಸಲ್ಲಿ ಇದ್ದಳಲ್ಲಮ್ಮಾ," ಎಂದ ಅವನು. "ಇದ್ದಳಲ್ಲಾ ಅಂತ ಎಣಿಸ್ಬಿಟ್ಟೆ." ಸ್ಟೀರಿಂಗಿಗೆ ಹಣೆಯಿಟ್ಟು ಅಳತೊಡಗಿದ.

ಕುಶನ್ ಕೆಲಸದವನು ಇನ್ನೂ ಬಾಗಿಲ ಬಳಿಯೇ ನಿಂತಿದ್ದ.

"ಅಳಬೇಡಪ್ಪಾ," ಎಂದ. "ಇಷ್ಟು ವರ್ಷದಲ್ಲಿ ಒಂದು ದಿನವಾದ್ರೂ ಅವಳು ತನ್ನನ್ನ ಎಣಿಸ್ಕೊಂಡಿದ್ದಳಾ? ಲೆಕ್ಕ ಸರಿಯಾಗೇ ಇದೆ."

ಬಗ್ಗಿ ಮಗಳ ತಲೆ ಮುಟ್ಟಿದ. ಮಗನ ತಲೆ ಮುಟ್ಟಿದ. ಆಮೇಲೆ ಬಾಗಿಲ ಪಕ್ಕದ ತಗಡಿಗೆ, ಇಪ್ಪತ್ತೆರಡು ವರ್ಷದ ತಟ್ಟುವಿಕೆಗೆ ಬಣ್ಣ ಸವೆದಿದ್ದ ಜಾಗ ಹುಡುಕಿ, ಎರಡು ಸಲ ತಟ್ಟಿದ.

ಬಸ್ಸು ಹೊರಟಿತು. ಗೇಟಿನಾಚೆಯ ಮೊದಲ ಹಳ್ಳಕ್ಕೆ ಕುಲುಕಿದಾಗ, ಯಾರೂ ಕೂರದೆ ಬಿಡಿಸಿಟ್ಟಿದ್ದ ಸೀಟು ತನ್ನಷ್ಟಕ್ಕೆ ತಾನೇ ಮಡಚಿಕೊಂಡಿತು.